ಮುದ್ದಯ್ಯನ ನಗುಮುಖ

ಕೊಳ್ಳೇಗಾಲದ ಕಿವುಡ ವೃದ್ಧರ ಆಶ್ರಮದ ಮೇಲ್ವಿಚಾರಕ ಮುದ್ದಯ್ಯನದು ಸದಾ ನಗುಮುಖ; ಜೀಪಿನಲ್ಲಿ ಬಂದ ಬಿ.ಡಿ.ಓ. ಸಾಹೇಬರೂ ಮೆಚ್ಚಿ ಹೋಗಿದ್ದರು. ಆ ನಗುವನ್ನು ಕದಲಿಸದೆಯೇ ಅವನು, "ತಿನ್ನು ಗೂಬೆ, ನಿನ್ ಒಟ್ಟೆ ಸೇದೋಗ" ಎಂದು ಮುದ್ದೆಯ ಜೊತೆ ಬೈಗುಳವನ್ನೂ ಬಡಿಸುತ್ತಿದ್ದ. ಕೇಳಿಸಿಕೊಳ್ಳುವವರು ಯಾರು ಎಂಬ ಧೈರ್ಯ! ನಡುವಯಸ್ಸಿನಲ್ಲಿ ಕಿವಿ, ಆಮೇಲೆ ಕಣ್ಣೂ ಕಳೆದುಕೊಂಡ ಚಿಕ್ಕತಾಯಮ್ಮ ಮಾತ್ರ ದಿನಾ ಊಟಕ್ಕೆ ಮುಂಚೆ ಅವನ ತುಟಿ, ಗಂಟಲಿನ ಮೇಲೆ ಬೆರಳಿಡುತ್ತಿದ್ದಳು. ಹರಿದ ರೇಷ್ಮೆ ಎಳೆಯನ್ನು ಮುಟ್ಟಿಯೇ ಪತ್ತೆಹಚ್ಚುತ್ತಿದ್ದ, ಮಗ್ಗದಲ್ಲಿ ಪಳಗಿದ ಬೆರಳು ಅವಳದು. ಮುದುಕಿಗೆ ತನ್ನ ಮೇಲೆ ಪ್ರಾಣ ಎಂದು ಅವನು ಬೀಗುತ್ತಿದ್ದ. ಒಂದು ಮಧ್ಯಾಹ್ನ ಎಂದಿನಂತೆ, "ಇನ್ನೂ ಸಾಯ್ಲಿಲ್ವಾ ಮುದ್ಕಿ?" ಎಂದ. ಅವಳು ಬೆರಳು ತೆಗೆಯದೆ, "ಇನ್ನೂ ಇಲ್ಲ ಕಣಪ್ಪ. ದಿನಾ ಕೇಳ್ತೀಯ, ನಂಗೇ ನಾಚ್ಕೆ ಆಯ್ತದೆ" ಎಂದಳು. ಅಂದಿನಿಂದ ಮುದ್ದಯ್ಯ ತಲೆತಗ್ಗಿಸಿ, ತುಟಿ ಬಿಚ್ಚದೆ ಬಡಿಸುತ್ತಾನೆ. ಅವಳ ಬೆರಳು ಈಗಲೂ ಬಂದು, ಆ ತುಟಿಯ ಮೇಲೆ ಕಾಯುತ್ತದೆ.