ಹಗೇವಿಗೆ ಇಳಿದು ಬಂದ ಕೈಗಳು

ಇದನ್ನು ಕಟ್ಟುಕತೆ ಅಂದವರ ಮನೆಯಲ್ಲಿ ನಾನು ನೀರು ಸಹ ಮುಟ್ಟುವುದಿಲ್ಲ. ಮೊಮ್ಮಕ್ಕಳಿಗೂ ಹಾಗೇ ಹೇಳಿಟ್ಟಿದ್ದೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ರಾತ್ರಿ ನಾನು ಅಲ್ಲಿದ್ದೆ, ನೀವು ಇರಲಿಲ್ಲ.

ಪೊಲೀಸ್ ಆ್ಯಕ್ಷನ್‌ಗೆ ಸ್ವಲ್ಪ ದಿನ ಮೊದಲಿನ ಮಾತು. ಇನ್ನೂ ನಿಜಾಮನ ರಾಜ್ಯ. ನಮ್ಮೂರು ಭಾಲ್ಕಿ ತಾಲ್ಲೂಕಿನಲ್ಲಿ, ಹಲಬರ್ಗಾದಿಂದ ಒಂದು ಹರದಾರಿ ದೂರ. ನನಗೆ ಒಂಬತ್ತು ವರ್ಷ. ತಮ್ಮ ಚನ್ನನಿಗೆ ಎಂಟು ತಿಂಗಳು, ಆಗಷ್ಟೇ ಎರಡು ಹಲ್ಲು ಬಂದಿದ್ದವು.

ಊರೂರು ಲೂಟಿ ಮಾಡಿ ಸುಡುತ್ತಿದ್ದ ದಂಡೊಂದು ನಮ್ಮ ಕಡೆ ತಿರುಗಿದೆ ಎಂಬ ಸುದ್ದಿ ದೀಪ ಹಚ್ಚುವ ಹೊತ್ತಿಗೆ ಬಂತು. ಜನ ಜೋಳದ ಹೊಲಗಳಿಗೆ ಓಡಿದರು. ಮೊಲೆ ಕುಡಿಯುವ ಕೂಸನ್ನು ಹೊಲದಲ್ಲಿ ಸುಮ್ಮನಿರಿಸುವುದು ಹೇಗೆ? ಒಮ್ಮೆ ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತಾರೆ.

ನಮ್ಮ ಹಿತ್ತಲಲ್ಲಿ ಹಗೇವು ಇತ್ತು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆ ವರ್ಷದ ಜೋಳ ತೀರಿ ಖಾಲಿ ಬಿದ್ದಿತ್ತು. ಅಪ್ಪ ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಟ್ಟ. ಹಗೇವಿಗೆ ಇಳಿಯುವ ಮುಂಚೆ ನಮ್ಮಲ್ಲಿ ಹಾಗೆ ನೋಡುವುದು ರೂಢಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ, ಇಳಿದವನು ಮತ್ತೆ ಹತ್ತುವುದಿಲ್ಲ. ದೀಪ ಚೆನ್ನಾಗಿಯೇ ಉರಿಯಿತು. ಏಣಿ ಇಟ್ಟು ಅವ್ವ, ಚನ್ನ, ನಾನು ಮೂವರೂ ಇಳಿದೆವು.

"ಬೆಳಗಾಗೂದ್ರಾಗ ಬರ್ತೇನಿ. ಧೈರ್ಯ ಬಿಡಬ್ಯಾಡ್ರಿ," ಅಂದ ಅಪ್ಪ ಮೇಲಿನಿಂದ.

"ಗಾಳಿಗಿ ಸಂದಿ ಬಿಡ್ರಿ," ಅಂದಳು ಅವ್ವ.

"ಬಿಡ್ತೇನಿ. ನೀ ಚಿಂತಿ ಮಾಡಬ್ಯಾಡ."

ಬಿಡಲಿಲ್ಲ. ಮೋಸದಿಂದಲ್ಲ... ಕೈಯ ಅಭ್ಯಾಸದಿಂದ. ವರ್ಷ ವರ್ಷ ಜೋಳ ತುಂಬಿ, ಬಂಡೆ ಎಳೆದು, ಸುತ್ತಲೂ ಹುಲ್ಲು ತುರುಕಿ, ಹಸಿ ಮಣ್ಣು ಮೆತ್ತಿದ ಕೈ ಅದು. ಪಕ್ಕದ ಮನೆಯ ಕಾಕಾನ ಜೊತೆ ಏದುಸಿರು ಬಿಡುತ್ತ ಬಂಡೆ ಎಳೆದ ಮೇಲೆ, ಗಡಿಬಿಡಿಯಲ್ಲಿ ಅದೇ ಕೈ ಅದೇ ಕೆಲಸ ಮಾಡಿತು. ಜೋಳಕ್ಕೆ ಗಾಳಿ ತಾಗಬಾರದು, ಹೆಂಡತಿ ಮಕ್ಕಳಿಗೆ ಬೇಕು ಎಂಬುದು ಅವನಿಗೆ ನೆನಪಾದದ್ದು ಹೊಲ ಮುಟ್ಟಿದ ಮೇಲೆ. ಅಷ್ಟರಲ್ಲಿ ದಾರಿಯ ತುಂಬ ದೀವಟಿಗೆಗಳು.

ಒಳಗೆ ನಮಗೆ ಮೊದಮೊದಲು ಏನೂ ತಿಳಿಯಲಿಲ್ಲ. ಹಳೆಯ ಜೋಳದ ಮುಗ್ಗಲು ವಾಸನೆ... ನೆತ್ತಿಯ ಮೇಲೆ ಕುದುರೆಗಳ ಗೊರಸು... ನಾಯಿಯೊಂದು ಬೊಗಳುತ್ತ ಬೊಗಳುತ್ತ ತಟ್ಟನೆ ನಿಂತಿತು. ಆಮೇಲೆ ನಮ್ಮ ಮನೆಯ ತೊಲೆಗಳು ಚಟಚಟ ಸಿಡಿಯುವುದು ಕೇಳಿಸಿತು.

"ನೀಲಾ, ಹೊಗಿ ನಾತ ಬರ್ಲತ್ತದೇನು?" ಅವ್ವ ಕಿವಿಯಲ್ಲಿ ಕೇಳಿದಳು.

"ಇಲ್ಲವ್ವಾ."

"ಮನಿ ಸುಡ್ಲತ್ತದ, ಹೊಗಿ ಬರವಲ್ದು... ನಿಮ್ಮಪ್ಪ ಸಂದಿ ಬಿಟ್ಟಿಲ್ಲ."

ಏಣಿ ಹತ್ತಿ ಬಂಡೆಗೆ ಹೆಗಲು ಕೊಟ್ಟಳು. ಅಲ್ಲಾಡಲಿಲ್ಲ. ಕೂಗಿದರೆ ದಂಡಿಗೆ ಕೇಳಿಸುತ್ತದೆ, ಕೂಗದಿದ್ದರೆ ಉಸಿರು ನಿಲ್ಲುತ್ತದೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ನಾವು ಆಗಲೇ ದರಿಯೊಳಗೇ ಕೂತಿದ್ದೆವು.

ದೀಪದ ಕುಡಿ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು... ಆರಿತು. ನನ್ನ ತಲೆ ಸಿಡಿಯುತ್ತಿತ್ತು. ಚನ್ನ ಮೊಲೆ ಬಿಟ್ಟು ಬಾಯಿ ತೆರೆದು ಗೊರಗೊರ ಅನ್ನತೊಡಗಿದ.

ಆಗ ಅವ್ವ ಕೂಗಿಬಿಟ್ಟಳು. "ಯಾರರ ಆಗ್ಲಿ, ತಗೀರಿ! ನಮಗ ಕೊಂದ್ರ ಕೊಲ್ರಿ... ನನ್ನ ಕೂಸಿಗಿ ಗಾಳಿ ಬೇಕು, ತಗೀರಿ!"

ಎಷ್ಟು ಹೊತ್ತು ಕೂಗಿದಳೋ ಗೊತ್ತಿಲ್ಲ. ಗರ್ ಎಂದು ಬಂಡೆ ಸರಿಯಿತು. ಹೊಗೆ ತುಂಬಿದ ಗಾಳಿ ಒಳಗೆ ನುಗ್ಗಿತು. ಆ ಹೊಗೆಯೇ ನಮಗೆ ಅಮೃತವಾಯಿತು. ದಟ್ಟ ಹೊಗೆಯ ಕತ್ತಲಲ್ಲಿ ಎರಡು ಕೈಗಳು ಕೆಳಗೆ ಇಳಿದವು.

"ಬಂದ್ರೇನ್ರಿ? ಕೂಸಿಗಿ ಮೊದಲ ತಗೋರಿ!" ಏಣಿಯ ಮೇಲಿದ್ದ ಅವ್ವ ಚನ್ನನನ್ನು ಎತ್ತಿಕೊಟ್ಟಳು.

ಕೈಗಳು ಅವನನ್ನು ಮೇಲಕ್ಕೆ ಎತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಮೇಲೆ ಚನ್ನ ಅತ್ತ. ಗಟ್ಟಿಯಾಗಿ, ಒಮ್ಮೆ. ಅವ್ವ ಸಂತೋಷಕ್ಕೆ ಬಿಕ್ಕಿದಳು. ಕೆಳಗಿಳಿದು ನನ್ನನ್ನು ಏಣಿಗೆ ಹತ್ತಿಸಿದಳು. ಕೈಗಳು ಮತ್ತೆ ಬಂದವು.

ನಾನು ಹಿಡಿದೆ... ಅದು ಅಪ್ಪನ ಕೈ ಅಲ್ಲ.

ಸಣ್ಣ ಕೈ. ಹೆಂಗಸಿನದು. ಮುಂಗೈಯಲ್ಲಿ ಒಂದೂ ಬಳೆ ಇಲ್ಲ. ಮಳೆ ಇಲ್ಲದ ಆ ರಾತ್ರಿ ಮೊಣಕೈವರೆಗೆ ತೊಯ್ದು ತಣ್ಣಗಿತ್ತು. 'ಅವ್ವಾ, ಅಪ್ಪ ಅಲ್ಲ' ಎನ್ನಲು ಬಾಯಿ ತೆರೆದೆ. ಆದರೆ ತೆರೆದ ಬಾಯಿಗೆ ಗಾಳಿ ಬಂತು. ಗಾಳಿ ಸಾಕಾಯಿತು ನನಗೆ. ಸುಮ್ಮನೆ ಹತ್ತಿಬಿಟ್ಟೆ.

ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು ನೋಡಿದರೆ ಯಾರೂ ಇಲ್ಲ. ಅವ್ವ ತಾನೇ ಹತ್ತಿ ಬಂದಳು. "ನಿಮ್ಮಪ್ಪ ಎಲ್ಲಿ? ಕೂಸು ಎಲ್ಲಿ?" ನಾನು ನೆಲ ನೋಡುತ್ತ ನಿಂತೆ.

ಬೆಳಗಾಗುವ ಮುಂಚೆ ಅಪ್ಪ ಓಡಿಬಂದ. "ನಾ ಬಂದಿಲ್ಲ... ಬರ್ಲಿಕ್ಕಿ ದಾರಿನೇ ಇರ್ಲಿಲ್ಲ," ಎಂದು ಎದೆ ಬಡಿದುಕೊಂಡ. ಇಬ್ಬರು ಗಂಡಸರು ಎಳೆದ ಬಂಡೆ ನಾಲ್ಕು ಮಾರು ದೂರ ಬಿದ್ದಿತ್ತು. ಅಪ್ಪ ಮೆತ್ತಿದ ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆ ಇದ್ದವು, ಅವ್ವನವು ಇದ್ದವು. ಬೇರೆ ಯಾರವೂ ಇರಲಿಲ್ಲ.

ಆ ರಾತ್ರಿ ಕೂಸು ಕಳಕೊಂಡ ಯಾವಳೋ ಒಯ್ದಿರಬೇಕು ಎಂದರು ಜನ. ಒಂಟಿ ಹೆಂಗಸು ಆ ಬಂಡೆ ಸರಿಸಿದ್ದು ಹೇಗೆ? ನಿಜಾಮನ ರಾಜ್ಯ ಹೋಯಿತು, ದಾರಿ ತೆರೆಯಿತು. ಅವ್ವ ಭಾಲ್ಕಿ, ಔರಾದ, ಬೀದರ ಎಲ್ಲ ತಿರುಗಿದಳು. ಎರಡು ಹಲ್ಲಿನ ಕೂಸು ಕಂಡಲ್ಲೆಲ್ಲ ನಿಲ್ಲುತ್ತಿದ್ದಳು. ಆಮೇಲೆ ಸಾಲೆಗೆ ಹೋಗುವ ಹುಡುಗರನ್ನು, ಆಮೇಲೆ ಮೀಸೆ ಬಂದವರನ್ನು ನೋಡುತ್ತಿದ್ದಳು.

ಸಾಯುವ ತನಕ ಆ ಸಂದಿಯ ಮಾತೆತ್ತಿ ಅಪ್ಪನನ್ನು ಬೈದಳು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ನಾನು ಮಾತ್ರ ಆ ಕೈಯ ವಿಷಯ ಇಬ್ಬರಿಗೂ ಹೇಳಲಿಲ್ಲ. ಆಗಲೇ ಕಿರುಚಿದ್ದರೆ, ಚನ್ನನ ಅಳು ಇನ್ನೂ ಹತ್ತಿರದಲ್ಲೇ ಇತ್ತು...

ಈಗಲೂ ಬಸ್ ಇಳಿಯುವಾಗ ಯಾರಾದರೂ ಹುಡುಗಿಯರು ಪಾಪ ಎಂದು ಕೈ ಕೊಡುತ್ತಾರೆ. ಆ ಕೈ ತಣ್ಣಗಿದ್ದರೆ ನಾನು ಬಿಡುವುದಿಲ್ಲ. ಗಟ್ಟಿಯಾಗಿ ಹಿಡಿದುಕೊಂಡು ಕೇಳುತ್ತೇನೆ: "ಚನ್ನ ಎಲ್ಲಿ ಹಾನ?"