ದಣಿವಾರಿದ ಮೇಲೆ ಒತ್ತಿ ನೋಡಿದ ಕೈ

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಸಹಾಯಕನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ಕಲಿತದ್ದು ಅಲ್ಲೇ. ರೋಗಿ ಕೈ ಎತ್ತಿ ಹಿಡಿಯಬೇಕು, ನಾನು ಕೆಳಕ್ಕೆ ಒತ್ತಬೇಕು. ಎಷ್ಟು ತಡೆಯುತ್ತಾರೆಂದು ನೋಡಿ ಸೊನ್ನೆಯಿಂದ ಐದರವರೆಗೆ ಗ್ರೇಡ್ ಕೊಡುತ್ತಿದ್ದೆ. ಐದು ಎಂದರೆ ಪೂರ್ಣ ಶಕ್ತಿ.

ಬಸ್ಸಿನಲ್ಲಿ ನಿಂತು ಬಂದವರನ್ನು ನಾನು ಕೂಡಲೇ ಪರೀಕ್ಷಿಸುತ್ತಿರಲಿಲ್ಲ. ಫ್ಯಾನಿನ ಕೆಳಗೆ ಮಲಗಿಸಿ, ದಣಿವಾರಿದ ಮೇಲೆ ಕರೆಯುತ್ತಿದ್ದೆ. ಎಲ್ಲರೂ ಅದನ್ನು ಹೊಗಳುತ್ತಿದ್ದರು. ಅದು ನನ್ನ ಒಳ್ಳೆಯತನವೆಂದು ನಾನೂ ನಂಬಿದ್ದೆ.

ಒಂದು ಮಧ್ಯಾಹ್ನ ಭಾನುವಳ್ಳಿಯಿಂದ ಸುಜಾತ ಎಂಬ ಸೊಸೆಯನ್ನು ಅವಳ ಅತ್ತೆ ಕರೆತಂದರು. ಅತ್ತೆಯದೇ ಮಾತು.

"ಬೆಳಿಗ್ಗೆ ಕಸ ಹೊಡೀತಾಳ, ನೀರು ತರ್ತಾಳ. ಸಂಜೀಗೆ ರೊಟ್ಟಿ ತಟ್ಟು ಅಂದ್ರ ಕೈಯೇ ಏಳಲ್ಲಂತೆ. ಉಣ್ಣಾಕ ಕುಂತ್ರ ಅಗಿಯಾಕೂ ಆಗಲ್ಲಂತೆ! ಹೊತ್ತು ನೋಡಿ ಬರೋ ಬ್ಯಾನಿ ಎಲ್ಲಾರ ಐತೇನ್ರಿ?"

ನಾನು ನಕ್ಕೆ. ಸುಜಾತ ಗೋಡೆ ನೋಡುತ್ತಿದ್ದಳು. ಅವಳ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಅದನ್ನು ನಾನು ಕಂಡೆ. ನಿದ್ದೆಗೆಟ್ಟಿರಬೇಕು ಎಂದುಕೊಂಡು ಮಲಗಿಸಿದೆ. ಎದ್ದಾಗ ರೆಪ್ಪೆ ಸರಿಯಾಗಿತ್ತು. ಕೈ ಒತ್ತಿದೆ, ಗಟ್ಟಿಯಾಗಿ ತಡೆದಳು. ಎಲ್ಲ ಕಡೆ ಐದು ಬರೆದೆ.

"ಶಕ್ತಿ ಪೂರ್ತಿ ಐತಮ್ಮ. ಮನಸ್ಸು ಗಟ್ಟಿ ಮಾಡ್ಕೊ" ಎಂದೆ.

"ಕೇಳಿದ್ಯಾ? ಆಸ್ಪತ್ರಿಯವ್ರೇ ಅಂದ್ರು!" ಎಂದರು ಅತ್ತೆ.

ನರರೋಗ ತಜ್ಞರು ಅಂದು ರಜೆಯಲ್ಲಿದ್ದರು. ಕರ್ತವ್ಯದಲ್ಲಿದ್ದ ವೈದ್ಯರು ನನ್ನ ಗ್ರೇಡ್ ನೋಡಿ ಟಾನಿಕ್ ಬರೆದು ಕಳಿಸಿದರು.

ಕೆಲವು ವಾರಗಳ ನಂತರ ಹರಿಹರದಿಂದ ಆಂಬುಲೆನ್ಸಿನಲ್ಲಿ ಅವಳನ್ನು ತಂದರು. ಎಂಜಲು ನುಂಗಲಾಗುತ್ತಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ವೆಂಟಿಲೇಟರ್ ಹಾಕಿದರು. ತಜ್ಞರು ಮಯಸ್ತೇನಿಯಾ ಗ್ರೇವಿಸ್ ಎಂದು ಗುರುತಿಸಿದರು. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ ಅದು. ದುಡಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಅತ್ತೆಯ ಹಂಗಿಸುವ ಮಾತಿನಲ್ಲಿ ಕಾಯಿಲೆಯ ಲಕ್ಷಣಗಳೆಲ್ಲ ಇದ್ದವು. ನಾನು ಮಲಗಿಸಿ ಅವನ್ನು ಮರೆಮಾಡಿದ್ದೆ.

"ಅವತ್ತು ರೆಪ್ಪೆ ಇಳಿದಿದ್ದು ಕಂಡಿತ್ತೇನ್ರಿ?" ಎಂದು ತಜ್ಞರು ಕೇಳಿದರು.

"ಇಲ್ಲ ಸಾರ್" ಎಂದೆ.

ಆ ಸಂಜೆ ಆನೆಕೊಂಡದ ಮನೆಗೆ ಬಂದು ದೀಪವನ್ನೂ ಹಾಕದೆ ಕುಳಿತೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಇನ್ಯಾರೂ ಇರಲಿಲ್ಲ.

ಸುಜಾತ ಉಳಿದಳು. ಮತ್ತೆ ನನ್ನ ಕೋಣೆಗೆ ಬಂದಾಗ ತಜ್ಞರು ಹೇಳಿಕೊಟ್ಟಂತೆ ಪರೀಕ್ಷಿಸಿದೆ. ಮಾತ್ರೆ ನುಂಗಿದ ಹೊತ್ತು ಕೇಳಿ ಬರೆದುಕೊಂಡೆ. ಕೈಗಳನ್ನು ಮುಂದೆ ಚಾಚಿಸಿ ಅವು ತಾವಾಗಿ ಇಳಿಯುವವರೆಗೆ ಕಾದೆ. ರೆಪ್ಪೆ ಸೋಲುವವರೆಗೆ ಮೇಲಕ್ಕೆ ನೋಡಿಸಿದೆ. ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದೆ.

ಎಣಿಕೆ ಮುಗಿಸಿ ಅವಳು ಮೆಲ್ಲಗೆ ಅಂದಳು: "ಅಣ್ಣಾರೆ, ಅವತ್ತು ನನ್ನ ಕಣ್ಣು ನೀವು ನೋಡಿದ್ರಿ."

"ನೋಡಿದ್ದೆನಮ್ಮಾ."

"ನಮ್ಮತ್ತೀಗೆ ಅಷ್ಟು ಹೇಳ್ರಿ. ರೋಗ ಆಮ್ಯಾಲೆ ಬಂತು, ಮೊದಲೆಲ್ಲ ನಾಟಕ ಅಂತಾರ. ಮನ್ಯಾಗ ಯಾರೂ ನಂಬಂಗಿಲ್ಲ."

ಅತ್ತೆ ಹೊರಗೆ ಬೆಂಚಿನ ಮೇಲಿದ್ದರು. ಅವರ ಪಕ್ಕದಲ್ಲೇ ತಜ್ಞರು ಯಾರೊಂದಿಗೋ ಮಾತಾಡುತ್ತ ನಿಂತಿದ್ದರು. ನನ್ನ ಸುಳ್ಳು ಹೊರಬೀಳುತ್ತದೆಂದು ಹೆದರಿದೆ. "ಮುಂದಿನ ಸಲ ಹೇಳ್ತೀನಿ ಬಿಡಮ್ಮ" ಎಂದೆ.

ಮುಂದಿನ ಸಲ ಅವಳು ಬರಲಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಹರಿಹರದಲ್ಲಿ ಬಸ್ ಬದಲಿಸಿ ಭಾನುವಳ್ಳಿಗೆ ಹೋದೆ. ಬಾಗಿಲಿಗೆ ಅತ್ತೆಯೇ ಬಂದರು.

"ಅಕಿ ಇಲ್ರಿ. ತವರಿಗೆ ಹೋದಾಕಿ ತಿರುಗಿ ಬರಲಿಲ್ಲ. ನನ್ನ ಮಗಾನೂ ಕರೆಯಾಕ ಹೋಗಲಿಲ್ಲ. ನೀವು ಯಾಕ ಬಂದ್ರಿ?"

ನಿಂತಲ್ಲೇ ಎಲ್ಲ ಹೇಳಿದೆ.

"ಈಗ ಹೇಳಾಕ ಬಂದಿರೇನ್ರಿ? ನಿಮ್ಮ ಮಾತನ್ನೇ ನಾನು ಓಣಿ ತುಂಬ ಹೇಳ್ಕಂಡು ತಿರುಗಿದ್ನಲ್ರಿ."

ಸುಜಾತಳ ತವರೂರು ಕೇಳಿದೆ. "ಬ್ಯಾಡ ಬಿಡ್ರಿ" ಎಂದು ಬಾಗಿಲು ಮುಚ್ಚಿಕೊಂಡರು.

ಸ್ನಾಯುವನ್ನು ದಣಿಸಿ ನೋಡಬೇಕೆಂದು ತಜ್ಞರಿಂದ ಕಲಿತೆ. ಕಂಡದ್ದನ್ನು ಅಂದೇ ಹೇಳಬೇಕೆಂಬುದನ್ನು ಮಾತ್ರ, ಕೇಳಬೇಕಾದವಳು ಹೊರಟುಹೋದ ಮೇಲೆ ಕಲಿತೆ.