ನಾನು ಬ್ರೇಕು ತುಳಿಯದ ರವಿವಾರ

ದಾಂಡೇಲಿಯ ಅಂಬೇವಾಡಿಯಲ್ಲಿ ನಾವಿದ್ದ ಸಾಲುಮನೆಗಳ ಮುಂದೆ ಆ ಲಾರಿ ನಿಲ್ಲುತ್ತಿತ್ತು. ಮಿಲಿಟರಿಯವರು ಹರಾಜು ಹಾಕಿದ್ದು. ಇಬ್ಬರ ಕೈ ದಾಟಿ ನನ್ನ ಗಂಡನ ಕೈಗೆ ಬಂದಿತ್ತು. ಜೋಯಿಡಾ ಕಾಡಿನಿಂದ ಕಾಗದದ ಗಿರಣಿಗೆ ಬಿದಿರು ತರುವುದು ಅವರ ಕೆಲಸ. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ರೇಡಿಯೇಟರಿಗೆ ನೀರು ಹಾಕಿ, ಎಣ್ಣೆಯ ಕಡ್ಡಿ ಎಳೆದು ನೋಡಿ, ಗಾಲಿಗಳ ನಟ್ಟುಗಳನ್ನೆಲ್ಲ ಪಾನಾ ಹಾಕಿ ಬಿಗಿಯುತ್ತಿದ್ದರು. ರವಿವಾರ ಮಾತ್ರ ಅವರಿಗೆ ನಾನೂ ಬೇಕಾಗುತ್ತಿತ್ತು.

ಹಿಂದಿನ ಒಂದು ಗಾಲಿಯಲ್ಲಿ ಬ್ರೇಕಿನ ಎಣ್ಣೆ ಸಣ್ಣಗೆ ಸೋರುತ್ತಿತ್ತು. ಎಣ್ಣೆ ಹೋದ ಜಾಗಕ್ಕೆ ಗಾಳಿ ಹೊಕ್ಕರೆ ಬ್ರೇಕು ಹಿಡಿಯುವುದಿಲ್ಲ. ಆ ಗಾಳಿ ತೆಗೆಯಲು ಒಬ್ಬರು ಮೇಲೆ ಕೂತು ಬ್ರೇಕು ತುಳಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಒಳಮಗ್ಗುಲಿನ ಸಣ್ಣ ತಿರುಪು ಸಡಿಲಿಸಿ ಗಾಳಿ ಹೊರಗೆ ಬಿಡಬೇಕು.

"ತುಳಿ," ಎಂದು ಕೆಳಗಿನಿಂದ ದನಿ ಬರುತ್ತಿತ್ತು. "ಹಂಗ ಹಿಡಕೋ. ಬಿಡಬ್ಯಾಡ."

ಮದುವೆಯಾದ ಮೊದಲ ವರ್ಷ ನಾವು ಹೆಚ್ಚು ಮಾತಾಡಿದ್ದು ಹೀಗೆಯೇ ಇರಬೇಕು. ಬ್ರೇಕು ಮೆತ್ತಗಿದ್ದರೆ ಇನ್ನೂ ಗಾಳಿ ಇದೆ, ಗಟ್ಟಿಯಾದರೆ ಕೆಲಸ ಮುಗಿಯಿತು ಎಂದು ನನ್ನ ಅಂಗಾಲಿಗೇ ತಿಳಿಯುತ್ತಿತ್ತು.

ಮದುವೆಯಾಗಿ ನಾಲ್ಕನೆಯ ವರ್ಷದ ಒಂದು ಶನಿವಾರ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ, "ಏನವಾ, ಗಂಡ ಡ್ರೈವರ, ನೀ ಕ್ಲೀನರೇನು?" ಎಂದಳು. ನೀರಿಗೆ ನಿಂತವರೆಲ್ಲ ನಕ್ಕರು. ನಾನಾಗ ಐದು ತಿಂಗಳ ಬಸುರಿ. ಸೀರೆ ಎತ್ತಿ ಕಟ್ಟಿ ಲಾರಿ ಹತ್ತುವುದನ್ನು ಇವರೆಲ್ಲ ನೋಡುತ್ತಾರಲ್ಲ ಎಂದು ಮೈ ಉರಿಯಿತು.

ಮರುದಿನ ಅವರು ಕರೆದಾಗ ನಾನು ರೊಟ್ಟಿ ಬಡಿಯುತ್ತಲೇ ಕೂತೆ.

"ನಾ ಬರೂದಿಲ್ರಿ. ಮಂದಿ ನಗತಾರ."

"ಹತ್ತು ಮಿನಿಟಿನ ಕೆಲಸ ಐತಿ."

"ಬ್ಯಾರೆ ಯಾರನ್ನರ ಕರ್ಕೊಳ್ರಿ."

ಲಾರಿಯಲ್ಲಿ ಬಿದಿರು ಹೇರುತ್ತಿದ್ದ, ಸಿದ್ದಿ ಜನಾಂಗದ ಆಳು ಹಳಿಯಾಳ ಕಡೆಯ ತನ್ನ ಊರಿಗೆ ಹೋಗಿದ್ದ. ಬೇರೆ ಯಾರೂ ಸಿಗಲಿಲ್ಲ. ಅವರು ಡಬ್ಬಿಯಲ್ಲಿದ್ದ ಬ್ರೇಕಿನ ಎಣ್ಣೆಯನ್ನಷ್ಟೇ ಸುರಿದು, "ಮುಂದಿನ ವಾರ ನೋಡೂಣು," ಎಂದು ಕೈ ಒರೆಸಿಕೊಂಡರು.

ಬುಧವಾರ ತುಂಬಿದ ಲಾರಿ ಇಳಿಜಾರಿನಲ್ಲಿ ಬರುವಾಗ ಬ್ರೇಕು ಹಿಡಿಯದೆ ತಳದವರೆಗೂ ಹೋಯಿತಂತೆ. ನಿಲ್ಲಿಸಲೆಂದು ಅವರು ಲಾರಿಯನ್ನು ಗುಡ್ಡದ ಮಗ್ಗುಲಿಗೆ ಉಜ್ಜಿಸಿದರು. ಲಾರಿ ವಾಲಿತು, ಹಗ್ಗ ಹರಿಯಿತು. ಹಿಂದಿನ ದಿನವಷ್ಟೇ ಊರಿನಿಂದ ಮರಳಿ, ಹೇರಿನ ಮೇಲೆ ಕೂತಿದ್ದ ಆ ಆಳು ಬಿದಿರಿನಡಿ ಸಿಕ್ಕಿದ. ಮುರಿದ ಭುಜದಲ್ಲೇ ಇವರು ಒಂದೊಂದು ಬಿದಿರು ಎಳೆದು ಹಾಕುತ್ತಿದ್ದರಂತೆ. ಮುಖ ಕಾಣುವ ಹೊತ್ತಿಗೆ ಜೀವ ಹೋಗಿತ್ತು. ಮೂರು ವರ್ಷ ಅವನು ನಮ್ಮ ಮನೆಯಲ್ಲಿ ಉಂಡಿದ್ದ. ನನ್ನ ಸಾರಿಗೆ ಖಾರ ಸಾಲದು ಎಂದು ಪ್ರತಿ ಸಲವೂ ಹೇಳುತ್ತಿದ್ದ.

ಪೊಲೀಸರ ಮುಂದೆ ಅವರು, "ಬ್ರೇಕು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದು," ಎಂದಷ್ಟೇ ಹೇಳಿದರು. ನನ್ನ ಸುದ್ದಿ ಎತ್ತಲಿಲ್ಲ.

ಅವರ ಭುಜ ಕೂಡಿದ ಮೇಲೆ ಅವನ ಮನೆಗೆ ಹೋದೆವು. ಇವರು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತರು. ಒಳಗೆ ಅವನ ಹೆಂಡತಿ ಭತ್ತ ಕೇರುತ್ತಿದ್ದಳು. ಅವಳೆದುರು ಕೂತು ರವಿವಾರದ ಮಾತೆಲ್ಲ ಹೇಳಿದೆ: ನಲ್ಲಿಯ ಹತ್ತಿರ ನಕ್ಕಿದ್ದು, ನಾನು ಏಳದೆ ಕೂತದ್ದು. ಮೊರ ನಿಂತಿತು.

"ಅಕ್ಕಾರ, ಇದನ್ನ ಹೇಳಿ ನಿಮಗ ಹಗುರಾತೇನು?"

"ಇಲ್ಲ."

"ನನಗೂ ಆಗಲಿಲ್ಲ," ಎಂದು ಅವಳು ಮತ್ತೆ ಕೇರತೊಡಗಿದಳು. "ಹೋಗ್ರಿ, ಬಸ್ ತಪ್ಪತೈತಿ."

ಲಾರಿಯನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದೆವು. ಅವರು ಮುಂಡಗೋಡದಲ್ಲಿ ಒಂದು ಕಟ್ಟಿಗೆ ಡಿಪೋದ ಕಾವಲಿಗೆ ಸೇರಿದರು. ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಮಗಳು ಹುಟ್ಟಿದಳು, ದೊಡ್ಡವಳಾದಳು. ಸಾಯುವ ತನಕ ಅವರು ನನಗೆ ಆ ದಿನದ ಬಗ್ಗೆ ಒಂದು ಮಾತೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.